ಅಚ್ಚಿಗೆ ಮುಂಚಿನ ಓದುಗರು

ಕನ್ನಡದ ಹೊಸ ಲೇಖಕರಿಗೆ ಮೊದಲ ನೇರ ಅಭಿಪ್ರಾಯ ಸಿಗುವುದು ಸಾಮಾನ್ಯವಾಗಿ ಪುಸ್ತಕ ಬಿಡುಗಡೆ ಸಮಾರಂಭ ಮುಗಿದ ಮೇಲೆ, ಕಾಫಿ ಹೊತ್ತಿನಲ್ಲಿ. ವೇದಿಕೆಯ ಮೇಲೆ ‘ಭರವಸೆಯ ಕತೆಗಾರ’ ಎಂದು ಹೊಗಳಿದವರೇ ಕೆಳಗಿಳಿದು, ಲೋಟ ಕೈಗೆ ಬಂದ ಮೇಲೆ ದನಿ ತಗ್ಗಿಸಿ ‘ಮಧ್ಯದ ಎರಡು ಕತೆ ಬೇಡವಾಗಿತ್ತು ನೋಡಿ’ ಎನ್ನುತ್ತಾರೆ. ಮಾತು ಸರಿಯೇ ಇದ್ದೀತು. ಆದರೆ ಅಷ್ಟರಲ್ಲಿ ಪುಸ್ತಕ ಅಚ್ಚಾಗಿ, ಕಟ್ಟುಗಳು ಮಂಚದ ಕೆಳಗೆ ಸೇರಿರುತ್ತವೆ. ಅದೇ ಮಾತನ್ನು ಅವರಿಂದ ಆರು ತಿಂಗಳ ಹಿಂದೆ ಹೇಳಿಸಿಕೊಳ್ಳಲು ಸಾಧ್ಯವಿತ್ತು. ಕೇಳುವ ಕ್ರಮ ಗೊತ್ತಿರಬೇಕಿತ್ತು, ಅಷ್ಟೆ.

ಮುನ್ನುಡಿ ಬರೆಸುವುದನ್ನೇ ಅಭಿಪ್ರಾಯ ಪಡೆಯುವುದು ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಡಿಟಿಪಿ ಮುಗಿದಿರುತ್ತದೆ, ಮುಖಪುಟ ಸಿದ್ಧವಾಗಿರುತ್ತದೆ, ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿರುತ್ತದೆ. ಆಮೇಲೆ ಹಿರಿಯರೊಬ್ಬರ ಮನೆಗೆ ಹಣ್ಣು ಹಿಡಿದು ಹೋಗಿ, ‘ಸರ್, ಹದಿನೈದು ದಿನದೊಳಗೆ ನಾಲ್ಕು ಮಾತು ಬರೆದುಕೊಡಬೇಕು’ ಎಂದರೆ ಅವರಾದರೂ ಏನು ಮಾಡಿಯಾರು? ಮೂರನೇ ಅಧ್ಯಾಯ ಕಿತ್ತುಹಾಕಿ ಎಂದು ಮುನ್ನುಡಿಯಲ್ಲಿ ಬರೆಯಲಾದೀತೆ? ದಾಕ್ಷಿಣ್ಯಕ್ಕೆ ಸಿಕ್ಕಿ ಒಳ್ಳೆಯ ಮಾತುಗಳನ್ನೇ ಹುಡುಕುತ್ತಾರೆ. ನಿಮ್ಮ ಹಸ್ತಪ್ರತಿಯ ಅತ್ಯುತ್ತಮ ಓದುಗರಾಗಬಹುದಾಗಿದ್ದ ಒಬ್ಬರು ಹೀಗೆ ಕೈತಪ್ಪಿ ಹೋಗುತ್ತಾರೆ. ಮುನ್ನುಡಿಯ ಸುದ್ದಿಯೇ ಎತ್ತದೆ, ತಿದ್ದಲು ಇನ್ನೂ ವರ್ಷ ಬಾಕಿ ಇದೆ ಎಂದು ಮೊದಲೇ ಹೇಳಿ ಕೊಟ್ಟು ನೋಡಿ, ಅದೇ ವ್ಯಕ್ತಿ ಬೇರೆಯೇ ಮನುಷ್ಯರಾಗಿ ಓದುತ್ತಾರೆ.

ಅಚ್ಚಿಗೆ ಮೊದಲೇ ಹೀಗೆ ಓದಿಸುವುದು ಹೊರಗಿನಿಂದ ಬಂದ ರೂಢಿಯೇನಲ್ಲ. ಮುದ್ದಣನ ‘ರಾಮಾಶ್ವಮೇಧ’ದಲ್ಲಿ ಕತೆ ಕೇಳುವ ಮಡದಿ ಮನೋರಮೆ ಸುಮ್ಮನೆ ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯ ಇರಲಿ ಎನ್ನುತ್ತಾಳೆ, ಸಂಸ್ಕೃತ ಗಂಟಲಲ್ಲಿ ಸಿಕ್ಕಿಕೊಂಡರೆ ಆಕ್ಷೇಪಿಸುತ್ತಾಳೆ. ಅವಳ ಮಾತಿಗೆ ತಕ್ಕಂತೆ ಕತೆಗಾರ ದಾರಿ ಬದಲಿಸುತ್ತಾನೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪು, 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಪ್ರಕಾಶನದ ‘ಅಟ್ಟ’, ಇವೆಲ್ಲ ಬರೆದದ್ದನ್ನು ತಮ್ಮವರ ನಡುವೆ ಓದಿ, ಹರಟಿ, ಜಗಳವಾಡುವ ಜಾಗಗಳೇ ಆಗಿದ್ದವು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಆ ಅಟ್ಟದಿಂದಲೇ. ಅಲ್ಲಿ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರಿದ್ದರು. ಈಗ ಅಂಥ ಅಟ್ಟ ಎಲ್ಲರಿಗೂ ಸಿಗುವುದಿಲ್ಲ. ಪ್ರಕಾಶನ ಸಂಸ್ಥೆಯಲ್ಲಿ ಕೂತು ಹಸ್ತಪ್ರತಿ ತಿದ್ದುವ ಸಂಪಾದಕರೂ ಕನ್ನಡದಲ್ಲಿ ಕಡಿಮೆ. ಹೆಚ್ಚಿನ ಕಡೆ ಕರಡು ತಿದ್ದುವವರು ಒಂದಿಬ್ಬರು ಇರುತ್ತಾರೆ, ಅವರ ಕಣ್ಣು ಕಾಗುಣಿತದ ಮೇಲೆ. ಹಾಗಾಗಿ ಈ ಕೆಲಸ ಬರೆಯುವವರ ಮೈಮೇಲೆಯೇ ಬಿದ್ದಿದೆ.

ಯಾವಾಗ, ಯಾರಿಗೆ

ಕತೆ ಮುಗಿದ ರಾತ್ರಿಯೇ ಹತ್ತು ಜನಕ್ಕೆ ವಾಟ್ಸ್‌ಆ್ಯಪ್ ಮಾಡುವ ಚಪಲ ಯಾರಿಗಿಲ್ಲ! ಆ ಹೊತ್ತಿನಲ್ಲಿ ಬೇಕಿರುವುದು ಅಭಿಪ್ರಾಯವಲ್ಲ, ಭೇಷ್ ಎಂಬ ಮಾತು. ಬೇಕೆಂದರೆ ಹಾಗೆಂದೇ ಹೇಳಿ ಗೆಳೆಯರಿಂದ ಪಡೆಯಿರಿ, ಅದರಲ್ಲೇನೂ ತಪ್ಪಿಲ್ಲ. ಆದರೆ ಅದಕ್ಕಾಗಿ ಒಳ್ಳೆಯ ಓದುಗರನ್ನು ಖರ್ಚು ಮಾಡಬೇಡಿ. ಒಬ್ಬ ವ್ಯಕ್ತಿ ನಿಮ್ಮ ಕತೆಯನ್ನು ಮೊದಲ ಸಲ ಓದುವುದು ಒಂದೇ ಸಲ. ಎರಡನೆಯ ಓದಿಗೆ ಕೊನೆ ಗೊತ್ತಿರುತ್ತದೆ, ಪಾತ್ರಗಳ ಪರಿಚಯವಿರುತ್ತದೆ, ತಡೆ ಕಾಣುವುದಿಲ್ಲ. ಕೆಲವು ವಾರ ಪಕ್ಕಕ್ಕಿಟ್ಟು, ನೀವೇ ಗಟ್ಟಿಯಾಗಿ ಓದಿ, ನಿಮಗೇ ಕಾಣುವ ತಪ್ಪುಗಳನ್ನೆಲ್ಲ ತಿದ್ದಿದ ಮೇಲೆ ಇನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ ಎನ್ನಿಸುತ್ತದಲ್ಲ, ಆಗ ಕೊಡಿ.

ಮೂರು ಬಗೆಯ ಜನ ಬೇಕು. ಒಬ್ಬರು ಬರೆಯುವವರಲ್ಲದ, ಆದರೆ ಓದುವ ಅಭ್ಯಾಸವಿರುವ ಮಾಮೂಲಿ ಓದುಗರು: ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನಿವೃತ್ತ ಮೇಷ್ಟ್ರು, ಗ್ರಂಥಾಲಯದಲ್ಲಿ ವಾರಕ್ಕೊಂದು ಕಾದಂಬರಿ ಎತ್ತಿಕೊಂಡು ಹೋಗುವ ಅಕ್ಕ. ಇವರಿಗೆ ಕತೆ ಹೇಗೆ ಕಟ್ಟುತ್ತಾರೆ ಎಂಬ ಗೊಡವೆ ಇಲ್ಲ, ಬೇಸರವಾದರೆ ಕೆಳಗಿಡುತ್ತಾರೆ. ಆ ಕೆಳಗಿಡುವ ಜಾಗವೇ ನಿಮಗೆ ಬೇಕಾದದ್ದು. ಇನ್ನೊಬ್ಬರು ನಿಮ್ಮದೇ ಪ್ರಕಾರದಲ್ಲಿ ಬರೆಯುವವರು. ಇವರು ಎಲ್ಲಿ ಸಡಿಲವಾಯಿತು ಎಂದಷ್ಟೇ ಅಲ್ಲ, ಯಾಕೆ ಎಂದೂ ಹೇಳಬಲ್ಲರು. ತೊಂದರೆ ಏನೆಂದರೆ, ನಿಮ್ಮ ಕತೆಯನ್ನು ಅವರ ಕತೆಯಾಗಿ ಬರೆದು ನೋಡುವ ಆಸೆ ಅವರೊಳಗೆ ಕೂತಿರುತ್ತದೆ. ಮೂರನೆಯವರು ಕತೆ ನಡೆಯುವ ನೆಲದವರು ಅಥವಾ ಆ ಕಸುಬಿನವರು.

ಈ ಮೂರನೆಯವರನ್ನು ಜನ ಮರೆಯುತ್ತಾರೆ, ಆದರೆ ಕನ್ನಡದಲ್ಲಿ ಇವರಷ್ಟು ಮುಖ್ಯರಾದವರು ಇಲ್ಲ. ಬೆಂಗಳೂರಿನಲ್ಲಿ ಬೆಳೆದವರು ಧಾರವಾಡದ ಕತೆ ಬರೆಯುತ್ತ ಪಾತ್ರದ ಬಾಯಲ್ಲಿ ‘ಮಾಡ್ಲಿಕತ್ತೀನಿ’ ಎಂದು ಹಾಕುತ್ತಾರೆ. ಹೊರಗಿನವರ ಕಿವಿಗೆ ಅದು ಉತ್ತರ ಕರ್ನಾಟಕದ ಮಾತು, ಅಲ್ಲಿಗೆ ಮುಗಿಯಿತು. ಧಾರವಾಡದವರಿಗೆ ಹಾಗಲ್ಲ. ‘ಮಾಡ್ಲಿಕತ್ತೀನಿ’ ಎನ್ನುವವರ ಓಣಿ ಬೇರೆ, ‘ಮಾಡಾಕತ್ತೀನಿ’ ಎನ್ನುವವರ ಓಣಿ ಬೇರೆ. ಕಲಬುರಗಿ ಕಡೆಗೆ ಹೋದರೆ ‘ಮಾಡ್ಲಾಕತ್ತೀನಿ’. ರೈತನ ಬಾಯಲ್ಲಿ ಅಗ್ರಹಾರದ ಮಾತು ಬಂದರೆ ಅಲ್ಲಿಯ ಓದುಗರು ಆ ಕ್ಷಣವೇ ಕತೆಯಿಂದ ಹೊರಗೆ. ಮಲೆನಾಡಿನ ಮನೆಯಲ್ಲಿ ಮೇ ತಿಂಗಳ ಸೆಕೆಯಲ್ಲಿ ಹೆಂಗಸರು ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುವ ದೃಶ್ಯವಿದ್ದರೂ ಅಷ್ಟೇ. ಆ ಕೆಲಸ ಮಳೆ ಮುಗಿಯುವ ಹೊತ್ತಿಗೆ ಶುರುವಾಗಿ ಚಳಿಯಲ್ಲಿ ನಡೆಯುವಂಥದ್ದು ಎಂದು ಸುಲಿದವರಿಗೆ ಗೊತ್ತು. ಇಂಥವರಿಗೆ ಇಡೀ ಪುಸ್ತಕ ಕೊಡಬೇಕಾಗಿಯೂ ಇಲ್ಲ. ಸಂಬಂಧಪಟ್ಟ ಪುಟಗಳನ್ನು ಓದಿ ಹೇಳಿದರೆ ಅರ್ಧ ಗಂಟೆಯ ಕೆಲಸ.

ಮನೆಯವರು? ಮನೋರಮೆಯಂಥವರಿದ್ದರೆ ಅದು ನಿಮ್ಮ ಪುಣ್ಯ. ಇಲ್ಲದಿದ್ದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸದಿರುವುದು ಸಂಸಾರಕ್ಕೂ ಕ್ಷೇಮ. ಎಲ್ಲ ಸೇರಿ ಮೂರರಿಂದ ಐದು ಮಂದಿ ಸಾಕು. ಹದಿನೈದು ಜನಕ್ಕೆ ಕೊಟ್ಟರೆ ಹದಿನೈದು ದಾರಿ ಕಾಣುತ್ತವೆ, ನಡೆಯುವ ಕಾಲು ಮಾತ್ರ ಎರಡೇ ಇರುತ್ತವೆ.

ಕೊಡುವ ಬಗೆ

ಸಣ್ಣ ವಿಷಯ, ಆದರೆ ಅರ್ಧ ಓದು ಇಲ್ಲೇ ಕೆಡುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುವ ಕಡತವನ್ನು ಹಾಗೇ ಕಳಿಸಿದರೆ ಆ ಫಾಂಟಿಲ್ಲದ ಮೊಬೈಲಿನಲ್ಲಿ ಅಕ್ಷರಗಳೆಲ್ಲ ಚಿತ್ತಾರ. ಯೂನಿಕೋಡಿಗೆ ಬದಲಿಸಿ ಕಳಿಸಿ, ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಕೆಲವೊಮ್ಮೆ ಜಾಗ ತಪ್ಪುತ್ತವೆ. ಐವತ್ತು ದಾಟಿದವರಿಗೆ ಮುದ್ರಿಸಿಕೊಡುವುದೇ ಮೇಲು: ಎ4 ಹಾಳೆ, ಒಂದೇ ಮಗ್ಗುಲು, ದೊಡ್ಡ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಬಲಗಡೆ ಅಗಲ ಅಂಚು, ಪುಟಸಂಖ್ಯೆ ತಪ್ಪದೆ. ಜೊತೆಗೆ ಒಂದು ಪೆನ್ಸಿಲ್. ಪೆನ್ನಿನಲ್ಲಿ ಬೇರೆಯವರ ಹಾಳೆಯ ಮೇಲೆ ಗೀಚಲು ನಮ್ಮ ಜನ ಅಂಜುತ್ತಾರೆ, ಪೆನ್ಸಿಲ್ ಕೊಟ್ಟರೆ ಧೈರ್ಯ ಬರುತ್ತದೆ. ಗೂಗಲ್ ಡಾಕ್ಸ್ ಬಳಸುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಮಾಡಿ ಕಳಿಸಿ. ಒಂದೇ ಕಡತವನ್ನು ಎಲ್ಲರಿಗೂ ಕೊಟ್ಟರೆ ಎರಡನೆಯವರು ಮೊದಲನೆಯವರ ಟಿಪ್ಪಣಿ ಓದುತ್ತಾರೆಯೇ ಹೊರತು ನಿಮ್ಮ ಕತೆಯನ್ನಲ್ಲ.

ಗಡುವು ಹೇಳುವುದು ಅಹಂಕಾರವಲ್ಲ. ‘ಸಮಯ ಸಿಕ್ಕಾಗ ನೋಡಿ’ ಎಂದರೆ ಸಮಯ ಸಿಗುವುದಿಲ್ಲ. ಸಣ್ಣಕತೆಗೆ ಎರಡು ವಾರ, ಕಾದಂಬರಿಗೆ ಒಂದೂವರೆ ತಿಂಗಳು ಎಂದು ಮೊದಲೇ ಹೇಳಿ. ಆಗುವುದಿಲ್ಲ ಎನ್ನಲು ಅವರಿಗೂ ಅವಕಾಶ ಕೊಡಿ.

ಕೇಳಬೇಕಾದ್ದು ಅಂಕವಲ್ಲ

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಹೆಚ್ಚೆಂದರೆ ‘ಇನ್ನೂ ಸ್ವಲ್ಪ ಗಾಢವಾಗಬೇಕಿತ್ತು’. ಎರಡರಿಂದಲೂ ಒಂದು ಸಾಲು ತಿದ್ದಲಾಗುವುದಿಲ್ಲ. ಓದುಗರನ್ನು ನಾವು ಪರೀಕ್ಷಕರ ಕುರ್ಚಿಯಲ್ಲಿ ಕೂರಿಸುತ್ತೇವೆ, ಅವರು ಅಂಕ ಕೊಟ್ಟು ಎದ್ದು ಹೋಗುತ್ತಾರೆ. ಅದರ ಬದಲು ಓದುವಾಗ ಅವರಿಗೆ ಏನಾಯಿತು ಎಂದು ಕೇಳಿ. ಎಲ್ಲಿ ಹಾಳೆ ಕೆಳಗಿಟ್ಟು ಮೊಬೈಲ್ ನೋಡಿದಿರಿ? ಯಾವ ಸಾಲನ್ನು ಎರಡು ಸಲ ಓದಬೇಕಾಯಿತು? ಯಾರು ಯಾರೆಂದು ಎಲ್ಲಿ ತಪ್ಪಿತು? ಎಲ್ಲಿ ಹಾರಿಸಿ ಓದಿದಿರಿ? ಇವಕ್ಕೆ ಉತ್ತರ ಹೇಳಲು ವಿಮರ್ಶಕರಾಗಬೇಕಿಲ್ಲ, ಮುಖದಾಕ್ಷಿಣ್ಯವೂ ಅಡ್ಡ ಬರುವುದಿಲ್ಲ. ಗುರುತು ಸರಳವಾಗಿರಲಿ: ಗೊಂದಲವಾದ ಕಡೆ ಪ್ರಶ್ನಾರ್ಥಕ ಚಿಹ್ನೆ, ಬೇಸರವಾದ ಕಡೆ ಅಂಚಿನಲ್ಲಿ ಒಂದು ಗೆರೆ, ಇಷ್ಟವಾದ ಕಡೆ ಸರಿ ಗುರುತು.

ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿದೆ: ‘ಕತೆ ಏನೆಂದು ನನಗೆ ಹೇಳಿ ನೋಡೋಣ.’ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಸಿ ಕಡೆಯ ಒಂದು ಮನೆ. ಬೆಂಗಳೂರಿನಲ್ಲಿರುವ ಮಗ ಊರಿಗೆ ಬರುತ್ತಾನೆ, ತೋಟ ಮಾರುವ ಮಾತು ನಡೆದಿದೆ. ಮೊದಲ ಮೂರು ಪುಟ ಬಸ್ಸಿನ ಪ್ರಯಾಣ. ಮನೆಯಲ್ಲಿ ತಂಗಿ ಸುಮಾ, ಅತ್ತಿಗೆ ಸುಧಾ, ಪಕ್ಕದ ಮನೆಯ ಸುಬ್ರಾಯ. ಐದನೇ ಪುಟದಲ್ಲಿ ಸೊಸೈಟಿಯ ಸಾಲದ ಪ್ರಸ್ತಾಪ ಬರುತ್ತದೆ. ಏಳನೇ ಪುಟದಲ್ಲಿ ಅಪ್ಪ ಯಾವುದೋ ಕಾಗದಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುತ್ತಾನೆ. ಕೊನೆಯಲ್ಲಿ ಅಪ್ಪ-ಮಗ ತೋಟದಲ್ಲಿ ನಡೆಯುತ್ತಾರೆ. ಬರೆದವರ ಪ್ರಕಾರ ತೋಟ ಮಾರಾಟವಾಗಿದೆ, ಅವರು ನಡೆಯುತ್ತಿರುವುದು ಈಗ ಬೇರೆಯವರದಾದ ನೆಲದ ಮೇಲೆ. ಕತೆಯ ಪ್ರಾಣವೆಲ್ಲ ಅಲ್ಲಿದೆ.

ಓದಿದ ಮೇಷ್ಟ್ರು ಕತೆ ಹೇಳುತ್ತಾರೆ: ‘ಮಗ ಬಂದ, ಅಪ್ಪ ಸಾಲದ ಕಾಗದಕ್ಕೆ ಸಹಿ ಮಾಡಿದ, ತೋಟ ಉಳಿಯಿತು, ಇಬ್ಬರೂ ಸಮಾಧಾನವಾಗಿ ಸುತ್ತಾಡಿ ಬಂದರು. ಒಳ್ಳೆ ಕತೆ. ಆದರೆ ಕೊನೆ ಯಾಕೋ ಸಪ್ಪೆ. ಅಪ್ಪ ಸಾಯಬೇಕಿತ್ತು ಅನ್ನಿಸಿತು.’ ಅವರ ಪ್ರತಿ ತಿರುವಿದರೆ ಎರಡನೇ ಪುಟದಲ್ಲಿ ಬಸ್ಸಿನ ಪಕ್ಕ ಉದ್ದ ಗೆರೆ, ನಾಲ್ಕರಲ್ಲಿ ‘ಸುಧಾ ಯಾರು?’, ಏಳನೇ ಪುಟದಲ್ಲಿ ಏನೂ ಇಲ್ಲ. ಆ ಖಾಲಿ ಅಂಚನ್ನೇ ಗಮನಿಸಬೇಕು. ಅವರಿಗೆ ಅಲ್ಲಿ ಗೊಂದಲವಾಗಿಲ್ಲ, ಗಟ್ಟಿಯಾಗಿ ತಪ್ಪು ತಿಳಿದಿದ್ದಾರೆ. ಸಾಲದ ಮಾತು ಎರಡೇ ಪುಟದ ಹಿಂದೆ ಬಂದಿದ್ದರಿಂದ ಕಾಗದವೆಂದರೆ ಸಾಲದ ಕಾಗದ ಎಂದುಕೊಂಡರು. ಅಪ್ಪ ಸಾಯಬೇಕಾಗಿಲ್ಲ. ಏಳನೇ ಪುಟದಲ್ಲಿ ‘ಕ್ರಯಪತ್ರ’ ಎಂಬ ಒಂದು ಪದ ಬಂದರೆ ಅಥವಾ ಆ ಸಹಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ನಡೆದರೆ ಕೊನೆಯ ನಡಿಗೆಯ ಭಾರವೇ ಬೇರೆಯಾಗುತ್ತದೆ. ಅತ್ತಿಗೆಗೆ ಗೌರಿ ಎಂದು ಹೆಸರಿಟ್ಟು, ಬಸ್ಸನ್ನು ಅರ್ಧ ಪುಟಕ್ಕಿಳಿಸಿದರೆ ಉಳಿದದ್ದು ಸರಿಹೋಯಿತು. ಅದೇ ಪ್ರತಿಯನ್ನು ಶಿರಸಿಯವರು ಓದಿದರೆ ‘ಈ ಮನೆಯಲ್ಲಿ ತಾಯಿಯನ್ನು ಅಮ್ಮ ಅನ್ನೋದಿಲ್ಲ, ಆಯಿ ಅಂತಾರೆ’ ಎಂದೂ ಸೇರಿಸಬಹುದು.

ಓದುಗರ ದೂರು ಮತ್ತು ಓದುಗರ ಮದ್ದು ಬೇರೆ ಬೇರೆ ಎಂಬುದು ಇದರಿಂದ ಗೊತ್ತಾಗುತ್ತದೆ. ಕೊನೆ ಸಪ್ಪೆ ಎಂಬ ದೂರು ನಿಜ, ಅದನ್ನು ಅಲ್ಲಗಳೆಯುವ ಹಕ್ಕು ನಮಗಿಲ್ಲ. ಅಪ್ಪನನ್ನು ಕೊಲ್ಲಿ ಎಂಬ ಮದ್ದು ಅವರ ಊಹೆ. ರೋಗ ಕೊನೆಯ ಪುಟದಲ್ಲಿ ಕಂಡರೂ ಬೇರು ಏಳನೇ ಪುಟದಲ್ಲಿತ್ತು. ಇದನ್ನು ಹುಡುಕುವುದು ಬರೆದವರ ಕೆಲಸ, ಓದಿದವರದಲ್ಲ.

ಬಾಯಿ ಮುಚ್ಚಿಕೊಂಡು ಕೂರುವುದು

ಅವರು ಹೇಳುತ್ತಿರುವಾಗ ‘ಅದು ಹಾಗಲ್ಲ ಸರ್, ನೀವು ಮುಂದೆ ಗಮನಿಸಿದರೆ...’ ಎಂದು ಬಾಯಿ ತೆರೆದಿರೋ, ಅಲ್ಲಿಗೆ ಅಭಿಪ್ರಾಯ ನಿಂತಿತು. ಪುಸ್ತಕ ಕೊಂಡವರ ಪಕ್ಕದಲ್ಲಿ ನೀವು ಕೂತು ವಿವರಿಸಲಾಗುವುದಿಲ್ಲ ಎಂದ ಮೇಲೆ ಇವರಿಗೂ ವಿವರಿಸಬೇಕಾಗಿಲ್ಲ. ಬರೆದುಕೊಳ್ಳಿ, ಇನ್ನೂ ಸ್ವಲ್ಪ ಹೇಳಿ ಎನ್ನಿ, ಕಾಫಿ ಕುಡಿದು ಬನ್ನಿ. ಸಿಟ್ಟು ಬರುತ್ತದೆ, ಅದು ಇಳಿಯುವವರೆಗೆ ಕಡತ ತೆರೆಯಬೇಡಿ. ಆಮೇಲೆ ಎಲ್ಲರ ಪ್ರತಿಗಳನ್ನೂ ಹರಡಿಕೊಂಡು ಪುಟದಿಂದ ಪುಟಕ್ಕೆ ಹೋಲಿಸಿ. ಬೇರೆ ಬೇರೆ ಬಗೆಯ ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ, ಮೂವರೂ ಬೇರೆ ಬೇರೆ ಕಾರಣ ಹೇಳಿದರೂ, ಅಲ್ಲೇನೋ ಇದೆ. ಒಬ್ಬರೇ ಎಡವಿದ್ದರೆ ನಿಮ್ಮ ವಿವೇಚನೆ. ಒಬ್ಬರಿಗೆ ಬೇಸರ ತಂದ ಪುಟವೇ ಇನ್ನೊಬ್ಬರಿಗೆ ಪ್ರಿಯವಾಗಿದ್ದರೆ ಅದನ್ನು ಮುಟ್ಟದಿರುವುದೇ ಲೇಸು ಎಂಬುದು ನನ್ನ ಅನಿಸಿಕೆ, ಅಂಥ ಪುಟಗಳಲ್ಲಿ ಬರೆದವರ ಸ್ವಂತ ದನಿ ಇರುವುದು ಹೆಚ್ಚು.

ನಾಟಕದವರು ಈ ವಿಷಯದಲ್ಲಿ ಬರಹಗಾರರಿಗಿಂತ ಜಾಣರು. ಪಾತ್ರ ಹಂಚಿ ವೃತ್ತಾಕಾರವಾಗಿ ಕೂತು ನಾಟಕ ಓದುವಾಗ ನಾಟಕಕಾರರಿಗೆ ಪುಕ್ಕಟೆ ಪಾಠ ಸಿಗುತ್ತದೆ. ಒಳ್ಳೆಯ ನಟ ಮೂರು ಸಲ ತಡವರಿಸಿದ ಮಾತು ನಾಲಿಗೆಗೆ ಹೊಂದಿಲ್ಲ ಎಂದೇ ಅರ್ಥ. ಪ್ರದರ್ಶನಕ್ಕೆ ಒಂದು ವಾರ ಮುಂಚಿನ ರನ್‌ಥ್ರೂಗೆ ತಂಡಕ್ಕೆ ಸೇರದ ಐದಾರು ಜನರನ್ನು ಕರೆದು, ನಿರ್ದೇಶಕರು ರಂಗದ ಕಡೆಗಲ್ಲದೆ ಅವರ ಮುಖದ ಕಡೆ ನೋಡುತ್ತ ಪಕ್ಕದಲ್ಲಿ ಕೂತರೆ ಎಲ್ಲಿ ಕೆಮ್ಮು ಶುರುವಾಯಿತು, ಎಲ್ಲಿ ಮೊಬೈಲಿನ ಬೆಳಕು ಹತ್ತಿತು ಎಂದು ತಿಳಿಯುತ್ತದೆ. 1985ರಲ್ಲಿ ಶುರುವಾದ ನೀನಾಸಂ ತಿರುಗಾಟದ ನಾಟಕಗಳು ಮೊದಲು ಹೆಗ್ಗೋಡಿನಲ್ಲಿ ಆಡಿ ಆಮೇಲೆ ಊರೂರಿಗೆ ಹೊರಡುತ್ತವೆ. ತಮ್ಮೂರ ಪ್ರೇಕ್ಷಕರ ಮುಂದೆ ಹಾದುಬಂದ ನಾಟಕಕ್ಕೆ ಪರಊರಿನ ಭಯ ಕಡಿಮೆ. ಕತೆಗಾರರೂ ಇದನ್ನು ಎರವಲು ಪಡೆಯಬಹುದು: ನಿಮ್ಮ ಕತೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ, ನೀವು ಕಣ್ಣು ಮುಚ್ಚಿ ಕೇಳಿ.

ಸಿನಿಮಾದಲ್ಲಿ ಖರ್ಚು ದೊಡ್ಡದು, ಅಭ್ಯಾಸ ಮಾತ್ರ ಚಿಕ್ಕದು. ತಂಡದವರಲ್ಲದ ಮೊದಲ ಪ್ರೇಕ್ಷಕ ಶುಕ್ರವಾರದ ಮೊದಲ ಆಟದಲ್ಲಿ ಸಿಗುತ್ತಾನೆ. ಎನ್‌ಎಫ್‌ಡಿಸಿ ಎಂಬ ಸರ್ಕಾರಿ ಚಲನಚಿತ್ರ ಸಂಸ್ಥೆ 2007ರಿಂದ ಗೋವಾದಲ್ಲಿ ನಡೆಸುತ್ತ ಬಂದಿರುವ ಫಿಲ್ಮ್ ಬಜಾರಿನಲ್ಲಿ ಬಿಡುಗಡೆಗೆ ಮುಂಚೆ ಅಭಿಪ್ರಾಯ ಪಡೆಯಲೆಂದೇ ‘ವರ್ಕ್ ಇನ್ ಪ್ರೋಗ್ರೆಸ್’ ಲ್ಯಾಬ್ ಇದೆ. ಆಯ್ಕೆಯಾದ ಚಿತ್ರಗಳ ರಫ್ ಕಟ್ ನೋಡಿ ಅನುಭವಿ ಸಂಕಲನಕಾರರೂ ಚಿತ್ರೋತ್ಸವದವರೂ ಸಲಹೆ ಕೊಡುತ್ತಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಕನ್ನಡದ ‘ತಿಥಿ’ ಈ ಲ್ಯಾಬಿನಲ್ಲಿ ಹಾದುಬಂದ ಚಿತ್ರ. ಅಲ್ಲಿಗೆ ಹೋಗಲಾಗದವರು ಒಂದು ಕೋಣೆ, ಒಂದು ಪ್ರೊಜೆಕ್ಟರ್ ಹೊಂದಿಸಿಕೊಳ್ಳಬಹುದು. ‘ಬಣ್ಣ ಹೊಂದಿಸುವ ಡಿಐ ಆಗಿಲ್ಲ, ಮ್ಯೂಸಿಕ್ ಇನ್ನೂ ಬಂದಿಲ್ಲ’ ಎಂದು ಒಂದೇ ಸಲ ಹೇಳಿ ಸುಮ್ಮನಾಗಿ, ಪ್ರತಿ ದೃಶ್ಯಕ್ಕೂ ಹೇಳುತ್ತ ಕೂರಬೇಡಿ. ಲಿಂಕ್ ಕಳಿಸದಿರುವುದು ಒಳ್ಳೆಯದು, ಸೋರಿಕೆಯ ಭಯಕ್ಕಷ್ಟೇ ಅಲ್ಲ, ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದವರಿಗೆ ಚಿತ್ರದ ಓಟವೇ ಗೊತ್ತಾಗುವುದಿಲ್ಲ.

ಕದ್ದುಬಿಟ್ಟರೆ?

ಈ ಭಯದಿಂದಲೇ ಹಲವರು ಯಾರಿಗೂ ತೋರಿಸುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಬರೆದ ಕ್ಷಣದಿಂದಲೇ ಕೃತಿಯ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಆದರೆ ಕಾಯ್ದೆ ಕಾಯುವುದು ಬರಹವನ್ನು, ಹೊಳಹನ್ನಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ಸಿನಿಮಾದವರಿಗೆ ಕೇಳಿಸಿದ್ದರು. 1956ರಲ್ಲಿ ‘ನ್ಯೂ ಡೆಲ್ಲಿ’ ಎಂಬ ಚಿತ್ರ ಬಂದಾಗ ಅದು ತಮ್ಮದರ ನಕಲು ಎಂದು ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧವಾಗಿ ತೀರ್ಪು ಕೊಟ್ಟಿತು: ವಸ್ತು ಒಂದೇ ಆಗಿರಬಹುದು, ಅದನ್ನು ಕಟ್ಟಿದ ರೀತಿ ಬೇರೆ. ಇದರಿಂದ ಕಲಿಯಬೇಕಾದ್ದು ಇಷ್ಟು: ಬಾಯಲ್ಲಿ ಹೊಳಹು ಹೇಳಿಕೊಂಡು ತಿರುಗಬೇಡಿ, ಬರೆದು ಮುಗಿಸಿದ್ದನ್ನು ತೋರಿಸಿ. ಇಮೇಲಿನಲ್ಲಿ ಕಳಿಸಿದರೆ ದಿನಾಂಕದ ದಾಖಲೆ ತಾನಾಗಿ ಉಳಿಯುತ್ತದೆ. ಸಿನಿಮಾದ ಚಿತ್ರಕತೆಯಾದರೆ ಕತೆ ಹೇಳಲು ಹೋಗುವ ಮುನ್ನ ನೋಂದಾಯಿಸಿಕೊಳ್ಳುವುದು ಜಾಣತನ. ಸಣ್ಣಕತೆ, ಕವಿತೆಗಳ ವಿಷಯದಲ್ಲಿ ಕಳ್ಳತನದ ಭಯ ಬಹುಪಾಲು ಅತಿಯಾದದ್ದು, ಓದುವವರು ಸಿಗುವುದೇ ಕಷ್ಟ.

ನಿಜವಾದ ಅಪಾಯ ಬೇರೆ ಕಡೆ ಇದೆ. ಅಭಿಪ್ರಾಯ ಕೇಳುವ ನೆಪದಲ್ಲಿ ಕತೆಯನ್ನು ಫೇಸ್‌ಬುಕ್ಕಿಗೆ ಹಾಕಿದರೆ ಅದು ಪ್ರಕಟವಾದಂತೆಯೇ. ನಮ್ಮ ಪತ್ರಿಕೆಗಳ ಬಹುತೇಕ ಕಥಾಸ್ಪರ್ಧೆಗಳಲ್ಲಿ, ದೀಪಾವಳಿಯವೂ ಸೇರಿ, ಕತೆ ಎಲ್ಲೂ ಪ್ರಕಟವಾಗಿರಬಾರದು ಎಂಬ ನಿಯಮವಿರುತ್ತದೆ, ಸಾಮಾಜಿಕ ಜಾಲತಾಣವೂ ಅದರಲ್ಲಿ ಸೇರುತ್ತದೆ. ಆಮೇಲೆ ಅಳಿಸಿದರೂ ಹಂಚಿಕೊಂಡವರ ಗೋಡೆಯ ಮೇಲೆ ಉಳಿದಿರುತ್ತದೆ. ಅಲ್ಲಿ ಸಿಗುವ ನೂರು ಹೃದಯದ ಚಿಹ್ನೆಗಳಿಂದ ಏಳನೇ ಪುಟದ ಕಾಗದ ಯಾವುದೆಂದು ತಿಳಿಯುವುದೂ ಇಲ್ಲ.

ಓದಿಕೊಟ್ಟವರ ಋಣ ತೀರಿಸುವುದು ಸುಲಭ. ಅವರು ಬರೆಯುವವರಾಗಿದ್ದರೆ ಅವರ ಹಸ್ತಪ್ರತಿಯನ್ನು ಅಷ್ಟೇ ಶ್ರದ್ಧೆಯಿಂದ ಓದಿ. ಬರೆಯದವರಾದರೆ ಪುಸ್ತಕದ ಮೊದಲ ಪ್ರತಿಗಳಲ್ಲಿ ಒಂದನ್ನು ಮನೆಗೆ ತಲುಪಿಸಿ, ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕುವ ಮೊದಲು ಒಂದು ಮಾತು ಕೇಳಿ; ತಮ್ಮ ಸಲಹೆ ಕೇಳದ ಪುಸ್ತಕದಲ್ಲಿ ತಮ್ಮ ಹೆಸರು ನೋಡಲು ಇಷ್ಟಪಡದವರೂ ಇರುತ್ತಾರೆ. ದುಡ್ಡು ಕೊಟ್ಟು ಓದಿಸುವುದಾದರೆ ಕಾಗುಣಿತ ತಿದ್ದುವುದಕ್ಕೋ, ಕತೆಯ ಕಟ್ಟಡ ನೋಡುವುದಕ್ಕೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾತಾಡಿಕೊಳ್ಳಿ.

ತಿದ್ದಿದ ಪ್ರತಿಯನ್ನು ಹಳೆಯ ಓದುಗರಿಗೇ ಮತ್ತೆ ಕಳಿಸುವ ತಪ್ಪು ಸಾಮಾನ್ಯ. ಅವರು ತಮ್ಮ ಮಾತು ನಡೆಯಿತೇ ಎಂದಷ್ಟೇ ನೋಡುತ್ತಾರೆ. ಮೊದಲ ಸುತ್ತಿಗೆ ಐವರನ್ನು ಆರಿಸಿಕೊಳ್ಳುವಾಗಲೇ ಆರನೆಯವರೊಬ್ಬರನ್ನು ಕರೆಯದೆ ಬಿಡಿ, ಕತೆಯ ಬಗ್ಗೆ ಅವರ ಹತ್ತಿರ ಏನೂ ಹೇಳಬೇಡಿ. ಎಲ್ಲ ಮುಗಿದು ಪುಟವಿನ್ಯಾಸ ಆದ ಮೇಲೆ, ಅಚ್ಚಿಗೆ ಹೋಗುವ ಮುನ್ನ, ಬೆನ್ನುಡಿಯ ಸಮೇತ ಅವರಿಗೆ ಕೊಡಿ. ಅವರಿಂದ ಪೆನ್ಸಿಲ್ ಗುರುತು ಬೇಡ. ಓದಿ ಮುಗಿಸಿದ ಮೇಲೆ ಕತೆ ಏನೆಂದು ಹೇಳಿದರೆ ಸಾಕು.